ಬಿಪಿ ಇದೆ, ಮಂಡಿ ನೋವಿದೆ, ಚಿಕ್ಕಂದಿನಲ್ಲಿ ಕಿವಿ ಸೋರಿತ್ತು: ದುರ್ಗಕ್ಕೆ ಸೈಕಲ್, ನೇತ್ರಾಣಿಗೆ ಡೈವಿಂಗ್ ಹೋಗಬಹುದಾ?

ಪ್ರಶ್ನೆ: ಡಾಕ್ಟ್ರೇ, ನನಗೆ 44 ವರ್ಷ. ದಾವಣಗೆರೆ ಮಂಡಿಪೇಟೆಯಲ್ಲಿ ಅಂಗಡಿ ಇದೆ. ಬೆಳಿಗ್ಗೆ 9ರಿಂದ ರಾತ್ರಿ 9ರ ತನಕ ಗಲ್ಲಾಪೆಟ್ಟಿಗೆ ಮುಂದೆ ಕೂತಿರುತ್ತೇನೆ. ಮೂರು ವರ್ಷದಿಂದ ಬಿಪಿಗೆ ಮಾತ್ರೆ ತಗೋತಿದ್ದೀನಿ. ಟೆಲ್ಮಿಸಾರ್ಟಾನ್ ಜೊತೆ ನೀರಿನ ಮಾತ್ರೆಯೂ ಅದರಲ್ಲೇ ಸೇರಿದೆಯಂತೆ. ಕಳೆದ ಮೇ ತಿಂಗಳಲ್ಲಿ ಒಂದು ಭಾನುವಾರ ನಾಲ್ಕು ಜನ ಗೆಳೆಯರ ಜೊತೆ ಸೈಕಲ್‌ನಲ್ಲಿ ಚಿತ್ರದುರ್ಗಕ್ಕೆ ಹೋದೆ. ಅಲ್ಲಿ ತಲುಪಿ ಎರಡೆರಡು ಬೆಣ್ಣೆದೋಸೆ, ಮಿರ್ಚಿ ತಿಂದು 11 ಗಂಟೆಗೆ ಕೋಟೆ ಹತ್ತಿದೆವು. ಏಕನಾಥೇಶ್ವರಿ ಗುಡಿ ದಾಟುವಷ್ಟರಲ್ಲಿ ಎರಡೂ ಮೀನಖಂಡ ಹಿಡಿದುಕೊಂಡವು. ಕಣ್ಣು ಕತ್ತಲೆ ಬಂತು, ವಾಂತಿ ಆಯ್ತು. ಗೆಳೆಯರು ಎರಡು ಬಾಟಲಿ ನೀರು ಕುಡಿಸಿದರು. ಒಬ್ಬರು ನೋವಿನ ಮಾತ್ರೆ ಕೊಟ್ಟರು. ವಾಪಸ್ ಬಂದಿದ್ದು ಟೆಂಪೋದಲ್ಲಿ. ಎರಡು ದಿನ ಮನೆ ಮೆಟ್ಟಿಲು ಇಳಿಯೋಕೆ ಆಗಲಿಲ್ಲ. ಆವತ್ತಿನಿಂದ ಬಲಮಂಡಿಯ ಮುಂಭಾಗ ನೋಯುತ್ತಿದೆ. ಈಗ ಅದೇ ಗೆಳೆಯರು ಡಿಸೆಂಬರ್‌ನಲ್ಲಿ ನೇತ್ರಾಣಿ ದ್ವೀಪಕ್ಕೆ ಸ್ಕೂಬಾ ಡೈವಿಂಗ್ ಅಂತ ಅಡ್ವಾನ್ಸ್ ಕಟ್ಟಿದ್ದಾರೆ. ಫಾರಂನಲ್ಲಿ ಕಿವಿ ತೊಂದರೆ ಇದೆಯಾ, ಬಿಪಿ ಇದೆಯಾ ಅಂತ ಕೇಳಿದ್ದಾರೆ. ಹೈಸ್ಕೂಲ್ ತನಕ ನನ್ನ ಎಡಗಿವಿ ಸೋರುತ್ತಿತ್ತು. "ಎಲ್ಲಾದಕ್ಕೂ ಇಲ್ಲ ಅಂತ ಟಿಕ್ ಹಾಕು, ಇಲ್ಲಾಂದ್ರೆ ಬಿಡಲ್ಲ" ಅಂತಾರೆ ಗೆಳೆಯರು. "ನಿಮಗ್ಯಾಕೆ ಈ ವಯಸ್ಸಲ್ಲಿ, ಸುಮ್ನೆ ಮನೇಲಿರಿ" ಅಂತಾಳೆ ಹೆಂಡತಿ. ಈಜು ಬರಲ್ಲ. ಏನು ಮಾಡಲಿ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಏನನ್ನೂ ಮುಚ್ಚಿಡದೆ ಬರೆದಿದ್ದೀರಿ. ಅದಕ್ಕೇ ಉತ್ತರವನ್ನೂ ಬಿಚ್ಚಿ ಹೇಳಬಹುದು. ನಾನು ಇಲ್ಲಿ ಇಪ್ಪತ್ತು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಫಿಜಿಷಿಯನ್. ಭಾನುವಾರ ನಾನೂ ಸೈಕಲ್ ಹತ್ತುತ್ತೇನೆ, ನೇತ್ರಾಣಿಯ ನೀರಿಗೂ ಇಳಿದಿದ್ದೇನೆ. ಸೋಮವಾರ ಬೆಳಿಗ್ಗೆ ನನ್ನ ಕ್ಲಿನಿಕ್‌ಗೆ ನಿಮ್ಮಂಥ ಒಬ್ಬರಾದರೂ ಕುಂಟುತ್ತಾ ಬರುತ್ತಾರೆ.

ನಿಮ್ಮ ಮನಸ್ಸಿನಲ್ಲಿರುವುದು ಎರಡು ಅಂಜಿಕೆ ಅಂತ ನನಗೆ ಅನಿಸಿತು. ಮೇ ತಿಂಗಳಲ್ಲಿ ಆಗಿದ್ದು ಹಾರ್ಟಿನ ಸೂಚನೆಯಾ, ಇನ್ನು ಇವೆಲ್ಲ ಬಿಟ್ಟೇಬಿಡಬೇಕಾ ಅನ್ನೋದು ಒಂದು. ಕಿವಿ ವಿಷಯ ಮುಚ್ಚಿಟ್ಟು ನೀರಿಗಿಳಿದರೆ ಏನಾಗುತ್ತೆ ಅನ್ನೋದು ಇನ್ನೊಂದು. ಮೊದಲನೆಯದಕ್ಕೆ ನನ್ನ ಉತ್ತರ: ಬಿಡಬೇಡಿ, ಆದರೆ ಆವತ್ತು ಮಾಡಿದ ಹಾಗೆ ಮಾಡಬೇಡಿ. ಎರಡನೆಯದಕ್ಕೆ: ಕಿವಿ ತೋರಿಸದೆ ನೀರಿಗೆ ಇಳಿಯಬೇಡಿ. ಇದರಲ್ಲಿ ನಾನು ಸಡಿಲ ಬಿಡುವುದಿಲ್ಲ.

ಮೊದಲು ಆ ಭಾನುವಾರದ ಲೆಕ್ಕ ಹಾಕೋಣ. ದಾವಣಗೆರೆಯಿಂದ ದುರ್ಗಕ್ಕೆ ಹೆದ್ದಾರಿಯಲ್ಲಿ ಸುಮಾರು 60 ಕಿಲೋಮೀಟರ್. ನೋಡೋಕೆ ಬಯಲು ರಸ್ತೆ. ಆದರೆ ನಮ್ಮೂರು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ದುರ್ಗ 730ರ ಆಸುಪಾಸಿನಲ್ಲಿದೆ. ಹೋಗುವಾಗ ಒಟ್ಟಿನಲ್ಲಿ ಏರುದಾರಿಯೇ. ಆನಗೋಡು, ಭರಮಸಾಗರ ದಾಟಿ ಕಾಲಲ್ಲಿ ಕಸುವು ಮುಗಿದ ಮೇಲೆ ನೀವು ಕೋಟೆ ಹತ್ತಿದಿರಿ. ಆರು ದಿನ ಕುರ್ಚಿಯಿಂದ ಏಳದ ದೇಹಕ್ಕೆ ಒಂದೇ ದಿನದಲ್ಲಿ ಎರಡು ದಿನದ ದುಡಿಮೆ ಹೇರಿದಂತಾಯಿತು. ದೇಹ ಕಷ್ಟಕ್ಕೆ ಹೆದರುವುದಿಲ್ಲ. ಹೊಲದಲ್ಲಿ ದಿನವಿಡೀ ಗೆಯ್ಯುವವರನ್ನು ನಾವೇ ನೋಡುತ್ತೇವಲ್ವಾ? ಅದಕ್ಕೆ ಆಗದಿರುವುದು ದಿಢೀರ್ ಅಂತ ಬೀಳುವ ಹೊರೆ.

ಅದರ ಮೇಲೆ ಮೇ ತಿಂಗಳು, ಬೆಳಿಗ್ಗೆ 11 ಗಂಟೆ. ದುರ್ಗದ ಬಂಡೆಯನ್ನು ಆ ಹೊತ್ತಿನಲ್ಲಿ ಕೈಯಿಂದ ಮುಟ್ಟಿ ನೋಡಿದ್ದೀರಾ? ದೋಸೆ ಹೆಂಚಿನ ಹಾಗೆ ಸುಡುತ್ತಿರುತ್ತದೆ. ಬಿಸಿಲು ಮೇಲಿನಿಂದ ಬಂದರೆ ಬಂಡೆಯ ಝಳ ಕೆಳಗಿನಿಂದ, ಪಕ್ಕದಿಂದ ಬರುತ್ತದೆ. ಬಂಡೆಗಳ ಸಂದಿಯಲ್ಲಿ ಗಾಳಿ ಆಡುವುದಿಲ್ಲ. ದೇಹ ತಂಪಾಗಲು ಇರುವ ದೊಡ್ಡ ದಾರಿ ಅಂದರೆ ಬೆವರು ಆರುವುದು. ಅದಕ್ಕಾಗಿ ರಕ್ತ ಚರ್ಮದ ಕಡೆಗೆ ನುಗ್ಗುತ್ತದೆ. ಅದೇ ಹೊತ್ತಿಗೆ ಕಾಲಿನ ಸ್ನಾಯುಗಳಿಗೂ ರಕ್ತ ಬೇಕು. ಎರಡು ಬೆಣ್ಣೆದೋಸೆ, ಮಿರ್ಚಿ ಇಳಿದ ಹೊಟ್ಟೆಗೂ ಬೇಕು. ಇರುವುದು ಅದೇ ಐದು ಲೀಟರ್ ರಕ್ತ, ಬೆವರಿ ಬೆವರಿ ಅದೂ ಕಮ್ಮಿಯಾಗಿದೆ. ಎಣ್ಣೆ, ಬೆಣ್ಣೆ ಹೊಟ್ಟೆಯಿಂದ ಮುಂದಕ್ಕೆ ಹೋಗಲು ತುಂಬ ಹೊತ್ತು ಬೇಕು. ವಾಂತಿ ಆಗಿದ್ದು ಅದಕ್ಕೇ. ಕೋಟೆ ಇಳಿದು ಬಂದ ಮೇಲೆ ಬೆಣ್ಣೆದೋಸೆ ತಿನ್ನಿ, ಆಗ ಅದರ ರುಚಿಯೇ ಬೇರೆ.

ಇನ್ನು ನಿಮ್ಮ ಮಾತ್ರೆ. ಆವತ್ತು ನಿಮ್ಮ ಜೊತೆಗಿದ್ದವರಿಗೆ ಆಗದ್ದು ನಿಮಗೆ ಯಾಕಾಯಿತು ಅನ್ನೋದಕ್ಕೆ ಬಹುಶಃ ಇಲ್ಲಿ ಉತ್ತರ ಇದೆ. ನೀರಿನ ಮಾತ್ರೆ ಉಪ್ಪನ್ನೂ ನೀರನ್ನೂ ಮೂತ್ರದಲ್ಲಿ ಹೊರಗೆ ಹಾಕುತ್ತದೆ. ಬಿಪಿ ಇಳಿಸುವುದು ಅದರ ಕೆಲಸ, ಅದನ್ನು ಅದು ಸರಿಯಾಗಿಯೇ ಮಾಡುತ್ತಿದೆ. ಟೆಲ್ಮಿಸಾರ್ಟಾನ್ ರಕ್ತನಾಳಗಳನ್ನು ಸಡಿಲಿಸುತ್ತದೆ. ದೇಹದಲ್ಲಿ ನೀರು ಕಮ್ಮಿಯಾದಾಗ ನಾಳಗಳು ಬಿಗಿಯಾಗಿ ಬಿಪಿಯನ್ನು ಎತ್ತಿ ಹಿಡಿಯಬೇಕು. ಮಾತ್ರೆ ಆ ಬಿಗಿತಕ್ಕೆ ಅಡ್ಡ ನಿಂತಿತ್ತು. ಹತ್ತುತ್ತಾ ಇದ್ದವರು ಥಟ್ಟನೆ ನಿಂತಾಗ ರಕ್ತ ಕಾಲಲ್ಲೇ ಉಳಿಯಿತು, ತಲೆಗೆ ಸಾಲದೆ ಕಣ್ಣು ಕತ್ತಲೆ ಬಂತು.

ಇಷ್ಟು ಓದಿ ಮಾತ್ರೆ ನಿಲ್ಲಿಸಬೇಡಿ, ಖಂಡಿತ ಬೇಡ. ಆ ಮಾತ್ರೆ ನಿಮ್ಮನ್ನು ಪಾರ್ಶ್ವವಾಯುವಿನಿಂದ ಕಾಯುತ್ತಿದೆ. ಆದರೆ ಮಾತ್ರೆ ಬರೆದುಕೊಟ್ಟ ವೈದ್ಯರಿಗೆ "ತಿಂಗಳಿಗೆ ಎರಡು ಭಾನುವಾರ ನಾನು ಬಿಸಿಲಲ್ಲಿ ಐದಾರು ಗಂಟೆ ಬೆವರುತ್ತೇನೆ" ಅಂತ ಹೇಳಿ. ಅವರು ಹೊತ್ತು ಬದಲಿಸಬಹುದು, ನೀರಿನ ಮಾತ್ರೆ ಇಲ್ಲದ ಬೇರೆ ಜೋಡಿ ಕೊಡಬಹುದು. ಇದು ಐದು ನಿಮಿಷದ ಮಾತು. ಹೆಚ್ಚಿನವರು ಇದನ್ನು ಹೇಳುವುದೇ ಇಲ್ಲ. ವೈದ್ಯರೂ ಕೇಳುವುದಿಲ್ಲ. ನಾನೂ ಮೊದಲು ಕೇಳುತ್ತಿರಲಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಎಲ್ಲಕ್ಕಿಂತ ಜಾಸ್ತಿ ಭಯ ಹುಟ್ಟಿಸಿದ್ದು ಆ ನೋವಿನ ಮಾತ್ರೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಅಸೆಕ್ಲೋಫೆನಾಕ್, ಈ ಜಾತಿಯ ಯಾವುದೇ ಇರಲಿ, ಕಿಡ್ನಿಗೆ ಹೋಗುವ ರಕ್ತವನ್ನು ಕಮ್ಮಿ ಮಾಡುತ್ತದೆ. ಟೆಲ್ಮಿಸಾರ್ಟಾನ್ ಇನ್ನೊಂದು ಕಡೆಯಿಂದ ಕಿಡ್ನಿ ಒಳಗಿನ ಒತ್ತಡ ಇಳಿಸುತ್ತದೆ. ನೀರಿನ ಮಾತ್ರೆ ನೀರನ್ನೇ ಕಮ್ಮಿ ಮಾಡಿರುತ್ತದೆ. ಈ ಮೂರೂ ಒಂದೇ ದಿನ ಸೇರಿ, ಜೊತೆಗೆ ವಾಂತಿ, ಬೆವರು ಇದ್ದರೆ ಆರೋಗ್ಯವಾಗಿರುವ ಕಿಡ್ನಿಯೂ ಕೈ ಕೊಡಬಹುದು. ನಿಮಗೆ ಹಾಗೆ ಆಗಲಿಲ್ಲ, ನನಗೆ ಸಮಾಧಾನ. ಆದರೂ ಒಮ್ಮೆ ಕ್ರಿಯಾಟಿನಿನ್, ಸೋಡಿಯಂ, ಪೊಟ್ಯಾಸಿಯಂ ರಕ್ತಪರೀಕ್ಷೆ ಮಾಡಿಸಿ. ಇನ್ನು ಮುಂದೆ ನೋವಾದರೆ ಪ್ಯಾರಾಸಿಟಮಾಲ್ ತಗೊಳ್ಳಿ. ಗೆಳೆಯರ ಜೇಬಿನ ಮಾತ್ರೆ ಮಾತ್ರ ಬೇಡ.

ನೀರಿನ ವಿಷಯದಲ್ಲಿ ಜನರಲ್ಲಿ ಎರಡು ತಪ್ಪು ಕಲ್ಪನೆ ಇವೆ. ಒಂದು, ಸುಸ್ತಾದರೆ ಬರೀ ನೀರನ್ನು ಎಷ್ಟು ಕುಡಿದರೂ ಒಳ್ಳೆಯದೇ ಅನ್ನೋದು. ಬೆವರಿನಲ್ಲಿ ನೀರಿನ ಜೊತೆ ಸೋಡಿಯಂ ಕೂಡ ಹೋಗುತ್ತದೆ. ನಾಲ್ಕೈದು ಗಂಟೆ ಬೆವರಿದ ಮೇಲೆ ಬರೀ ನೀರನ್ನು ಲೀಟರ್‌ಗಟ್ಟಲೆ ಸುರಿದುಕೊಂಡರೆ ರಕ್ತದ ಸೋಡಿಯಂ ತೆಳುವಾಗುತ್ತದೆ. ತಲೆನೋವು, ವಾಂತಿ, ಗಲಿಬಿಲಿ, ಅತಿಯಾದರೆ ಫಿಟ್ಸ್ ತನಕ ಹೋಗಬಹುದು. ನೀರಿನ ಮಾತ್ರೆ ತಿನ್ನುವವರಿಗೆ ಇದರ ಅಪಾಯ ಸ್ವಲ್ಪ ಜಾಸ್ತಿ. ಇನ್ನೊಂದು, ಓಆರ್‌ಎಸ್ ಏನಿದ್ದರೂ ಭೇದಿ ಆದ ಮಕ್ಕಳಿಗೆ, ಬಿಪಿ ಇದ್ದವರು ಉಪ್ಪು ಮುಟ್ಟಬಾರದು ಅನ್ನೋದು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ ಓಆರ್‌ಎಸ್‌ನಲ್ಲಿ ಒಂದು ಲೀಟರಿಗೆ 2.6 ಗ್ರಾಂ ಅಡುಗೆ ಉಪ್ಪು, 13.5 ಗ್ರಾಂ ಗ್ಲುಕೋಸ್, ಜೊತೆಗೆ ಪೊಟ್ಯಾಸಿಯಂ, ಸಿಟ್ರೇಟ್ ಇರುತ್ತವೆ. ಗ್ಲುಕೋಸ್ ಇರುವುದು ರುಚಿಗಲ್ಲ. ಕರುಳಿನಲ್ಲಿ ಸೋಡಿಯಂ ಮತ್ತು ಗ್ಲುಕೋಸ್ ಜೋಡಿಯಾಗಿ ಒಳಗೆ ಹೋಗುತ್ತವೆ, ಅವುಗಳ ಹಿಂದೆ ನೀರು ಹೋಗುತ್ತದೆ. ದಿನಾ ಅಂಗಡಿಯಲ್ಲಿ ಕೂತು ಕುಡಿಯಲು ಅದು ಬೇಡ. ಆದರೆ ಮೂರು ಗಂಟೆಗಿಂತ ಜಾಸ್ತಿ ಬೆವರುವ ದಿನ ಒಂದು ಲೀಟರ್‌ ಕುಡಿದರೆ ನಿಮ್ಮ ಬಿಪಿಗೆ ಏನೂ ಆಗುವುದಿಲ್ಲ. ಪ್ಯಾಕೆಟ್ ಮೇಲೆ ಎಷ್ಟು ನೀರಿಗೆ ಅಂತ ಬರೆದಿದೆಯೋ ಅಷ್ಟಕ್ಕೇ ಪೂರ್ತಿ ಪ್ಯಾಕೆಟ್ ಕಲಸಿ. ಡಬ್ಬಿಯಲ್ಲಿ ಸಿಗುವ ಸಿಹಿ ಪಾನೀಯಗಳೆಲ್ಲ ಓಆರ್‌ಎಸ್ ಅಲ್ಲ, ಹಿಂದೆ ಬರೆದಿರುವುದನ್ನು ಓದಿ. ಉಪ್ಪು ಹಾಕಿದ ನೀರುಮಜ್ಜಿಗೆ, ಒಂದು ಬಾಳೆಹಣ್ಣು, ಒಂದು ಕಡ್ಲೆಚಿಕ್ಕಿ ಇದ್ದರೂ ಎಷ್ಟೋ ಆಯಿತು. ಕಿಡ್ನಿ ತೊಂದರೆ ಅಥವಾ ಹಾರ್ಟ್ ಫೇಲ್ಯೂರ್ ಇದ್ದವರಿಗೆ ಮಾತ್ರ ಈ ಮಾತು ಅನ್ವಯಿಸುವುದಿಲ್ಲ.

ಎಷ್ಟು ಕುಡಿಯಬೇಕು ಅಂತ ಕೇಳುತ್ತೀರಿ. ನಿಮ್ಮ ಅಂಗಡಿಯಲ್ಲೋ ಪಕ್ಕದಲ್ಲೋ ತೂಕದ ಯಂತ್ರ ಇರುತ್ತಲ್ವಾ? ಸೈಕಲ್‌ಗೆ ಹೋಗುವ ಮೊದಲು ಒಮ್ಮೆ, ಬಂದು ಬೆವರು ಒರೆಸಿಕೊಂಡು ಒಮ್ಮೆ ನಿಂತು ನೋಡಿ. ಒಂದು ಕಿಲೋ ಇಳಿದಿದ್ದರೆ ಒಂದು ಲೀಟರ್ ಕಮ್ಮಿ ಬಿದ್ದಿದೆ ಅಂತ ಅರ್ಥ. ತೂಕ ಏರಿದ್ದರೆ ಜಾಸ್ತಿ ಕುಡಿದಿದ್ದೀರಿ. ಎರಡು ಮೂರು ಭಾನುವಾರ ಹೀಗೆ ನೋಡಿದರೆ ನಿಮ್ಮ ಲೆಕ್ಕ ನಿಮಗೇ ಸಿಗುತ್ತದೆ.

ಕಾಲು ಹಿಡಿದುಕೊಂಡಿದ್ದು ಬರೀ ಉಪ್ಪು ಕಮ್ಮಿಯಾಗಿ ಅಲ್ಲ. ಬಳಲಿದ ಸ್ನಾಯುವಿಗೆ ನರಗಳ ಹಿಡಿತ ತಪ್ಪುತ್ತದೆ, ಅದು ಸಡಿಲವಾಗುವುದನ್ನೇ ಮರೆತಂತೆ ಗಂಟು ಕಟ್ಟುತ್ತದೆ. ಆಗ ಕೂತು, ಕಾಲು ನೀಡಿ, ಪಾದದ ಬೆರಳುಗಳನ್ನು ನಿಧಾನ ನಿಮ್ಮ ಕಡೆಗೆ ಎಳೆದು ಹಿಡಿದರೆ ಬಿಡುತ್ತದೆ. ಎರಡು ದಿನ ಮೆಟ್ಟಿಲು ಇಳಿಯಲಾಗದ ನೋವು ಬೇರೆಯದೇ. ಲ್ಯಾಕ್ಟಿಕ್ ಆಸಿಡ್ ಕೂತುಬಿಟ್ಟಿದೆ ಅಂತ ಜಿಮ್‌ನಲ್ಲಿ ಹೇಳುತ್ತಾರೆ. ಅದು ಒಂದೆರಡು ಗಂಟೆಯಲ್ಲಿ ರಕ್ತದಿಂದ ಹೋಗಿಬಿಡುತ್ತದೆ. ಇಳಿಜಾರಿನಲ್ಲಿ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು. ಅಭ್ಯಾಸ ಇಲ್ಲದಿದ್ದರೆ ಅದರ ಎಳೆಗಳು ಸಣ್ಣಗೆ ಹರಿಯುತ್ತವೆ. ನೋವು ಮಾರನೇ ದಿನ, ಅದರ ಮಾರನೇ ದಿನ ಏರಿ ತಾನೇ ಇಳಿಯುತ್ತದೆ. ಒಂದನ್ನು ಮಾತ್ರ ನೆನಪಿಡಿ: ಅಂಥ ನೋವಿನ ಜೊತೆ ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಹರಿದ ಸ್ನಾಯುವಿನ ವಸ್ತು ಕಿಡ್ನಿಗೆ ಹೋಗಿ ಕೂರುತ್ತಿದೆ ಅಂತ ಅದರ ಅರ್ಥ.

ಬಿಸಿಲಲ್ಲಿ ಇನ್ನೊಂದು ಗೆರೆ ಇದೆ. ನಿಮಗಾಗಿದ್ದು ಬಳಲಿಕೆ. ಆದರೆ ಜೊತೆಗಿರುವವರು ತೊದಲಿದರೆ, ಎಲ್ಲಿದ್ದೇವೆ ಅನ್ನೋದೇ ಗೊತ್ತಾಗದಿದ್ದರೆ, ಸಿಟ್ಟಿಗೆದ್ದು ಅಸಂಬದ್ಧ ಮಾತಾಡಿದರೆ ಅದು ಸನ್‌ಸ್ಟ್ರೋಕ್. ಆಗ ಬಾಯಿಗೆ ನೀರು ಹಾಕಬೇಡಿ, ಮೈಮೇಲೆ ಸುರಿಯಿರಿ. ನೆರಳಿಗೆ ಎಳೆದು, ಬಟ್ಟೆ ಸಡಿಲಿಸಿ, ಇರುವ ನೀರನ್ನೆಲ್ಲ ಮೈಮೇಲೆ ಹಾಕಿ, ಟವೆಲ್‌ನಿಂದ ಗಾಳಿ ಬೀಸಿ. ಒಬ್ಬರು 108ಕ್ಕೆ ಫೋನ್ ಮಾಡುತ್ತಿರಲಿ, ಉಳಿದವರು ತಂಪು ಮಾಡುವುದನ್ನು ನಿಲ್ಲಿಸಬಾರದು. ಆಂಬುಲೆನ್ಸ್ ಬರುವ ತನಕದ ಆ ಹದಿನೈದು ಇಪ್ಪತ್ತು ನಿಮಿಷವೇ ಜೀವ ಉಳಿಸುವುದು.

ಈಗ ಮಂಡಿ. ಸೈಕಲ್ ತುಳಿದರೆ ಮಂಡಿ ಸವೆಯುತ್ತೆ ಅನ್ನೋದು ಸುಳ್ಳು. ಸವೆದ ಮಂಡಿಗೂ ನಾವು ಸೈಕಲ್ ಹೇಳುತ್ತೇವೆ. ನಿಮ್ಮ ಸೈಕಲ್ ನಾನು ನೋಡಿಲ್ಲ, ಆದರೆ ಮಂಡಿಯ ಮುಂಭಾಗ ನೋವು ಅಂದ ಕೂಡಲೇ ನಾನು ಮೊದಲು ನೋಡುವುದು ಸೀಟಿನ ಎತ್ತರ. ನಿಂತಾಗ ಎರಡೂ ಪಾದ ನೆಲಕ್ಕೆ ಸಿಗಲಿ ಅಂತ ಹೆಚ್ಚಿನವರು ಸೀಟು ತಗ್ಗಿಸಿಕೊಂಡಿರುತ್ತಾರೆ. ಆಗ ಪ್ರತಿ ತುಳಿತಕ್ಕೂ ಮಂಡಿ ಜಾಸ್ತಿ ಮಡಚಿ, ಮಂಡಿಚಿಪ್ಪು ತೊಡೆಮೂಳೆಗೆ ಒತ್ತಿಕೊಳ್ಳುತ್ತದೆ. ಒಂದು ಗಂಟೆಗೆ ನಾಲ್ಕು ಸಾವಿರಕ್ಕೂ ಜಾಸ್ತಿ ಸಲ ಹೀಗಾಗುತ್ತದೆ. ಮನೆಯಲ್ಲೇ ನೋಡಿಕೊಳ್ಳಿ: ಗೋಡೆ ಹಿಡಿದು ಸೀಟಿನ ಮೇಲೆ ಕೂತು, ಪೆಡಲ್ ಅತ್ಯಂತ ಕೆಳಗಿರುವಾಗ ಹಿಮ್ಮಡಿಯನ್ನು ಅದರ ಮೇಲಿಡಿ. ಕಾಲು ಪೂರ್ತಿ ನೆಟ್ಟಗಾಗಬೇಕು, ಸೊಂಟ ಒಂದು ಕಡೆ ವಾಲಬಾರದು. ತುಳಿಯುವಾಗ ಪಾದದ ಮುಂಭಾಗ ಪೆಡಲ್ ಮೇಲಿರುತ್ತದೆ, ಆಗ ಮಂಡಿ ಸ್ವಲ್ಪ ಮಾತ್ರ ಮಡಚಿರುತ್ತದೆ. ಭಾರದ ಗೇರ್‌ನಲ್ಲಿ ಉಸಿರು ಬಿಗಿಹಿಡಿದು ತುಳಿಯುವುದೂ ಬೇಡ. ಹಗುರ ಗೇರ್ ಹಾಕಿ, ನಿಮಿಷಕ್ಕೆ 70, 80 ಸುತ್ತು ಬರುವ ಹಾಗೆ ತುಳಿಯಿರಿ. ದಿನಾ ಅಂಗಡಿಯಲ್ಲಿ ಕುರ್ಚಿಯಿಂದ ಕೈ ಊರದೆ ಹತ್ತು ಸಲ ನಿಧಾನ ಎದ್ದು ಕೂರಿ, ಮೂರು ಹೊತ್ತು. ಆರು ವಾರದಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಮಂಡಿ ಊದಿಕೊಂಡರೆ, ನಡುವೆ ಸಿಕ್ಕಿಹಾಕಿಕೊಂಡಂತಾದರೆ ಮಾತ್ರ ಮೂಳೆ ವೈದ್ಯರಿಗೆ ತೋರಿಸಿ.

ಹಾರ್ಟ್ ವಿಷಯ. ನೀವು ಬರೆದಿದ್ದರಲ್ಲಿ ಎದೆಹಿಡಿತ, ಎಡಗೈ ಸೆಳೆತ, ದವಡೆ ನೋವು ಇಲ್ಲ. ಅಷ್ಟು ಸಾಲದು. ಬಿಪಿ ಇರುವ, ಕೂತೇ ಕೆಲಸ ಮಾಡುವ 44 ವರ್ಷದವರು ಕಷ್ಟದ ವ್ಯಾಯಾಮ ಶುರು ಮಾಡುವ ಮೊದಲು ವೈದ್ಯರನ್ನು ಕಂಡು ಇಸಿಜಿ, ಸಕ್ಕರೆ, ಕೊಬ್ಬಿನ ಪರೀಕ್ಷೆ ಮಾಡಿಸಬೇಕು. ಅವರು ಬೇಕೆಂದರೆ ಟ್ರೆಡ್‌ಮಿಲ್ ಪರೀಕ್ಷೆಯೂ ಆಗಲಿ. ಡೈವಿಂಗ್ ಮನಸ್ಸಿನಲ್ಲಿದ್ದರೆ ನಾನು ಟ್ರೆಡ್‌ಮಿಲ್ ಬೇಕು ಅಂತಲೇ ಹೇಳುತ್ತೇನೆ. ಟ್ರೆಡ್‌ಮಿಲ್ ಸರಿ ಬಂದರೆ ಎಲ್ಲ ಸರಿ ಅಂತ ಗ್ಯಾರಂಟಿ ಸಿಗುವುದಿಲ್ಲ. ಆದರೂ ಕಣ್ಣುಮುಚ್ಚಿ ಹೋಗುವುದಕ್ಕಿಂತ ಎಷ್ಟೋ ಮೇಲು.

ಸೈಕಲ್‌ ಮತ್ತೆ ಶುರು ಮಾಡುವುದು ಹೇಗೆ? ವಾರದಲ್ಲಿ ಮೂರು ದಿನ ಅಂಗಡಿ ತೆಗೆಯುವ ಮೊದಲು ಮುಕ್ಕಾಲು ಗಂಟೆ ಬಿರುಸಾಗಿ ನಡೆಯಿರಿ ಅಥವಾ ತುಳಿಯಿರಿ. ಇದಿಲ್ಲದೆ ಭಾನುವಾರದ ಮಾತೇ ಬೇಡ. ಮೊದಲ ಕೆಲವು ಭಾನುವಾರ ಕೊಂಡಜ್ಜಿ ಕೆರೆ ತನಕ ಹೋಗಿ ಬನ್ನಿ. ಬೆಳಿಗ್ಗೆ ಆರಕ್ಕೆ ಕೆರೆ ಏರಿ ಮೇಲೆ ನಿಂತರೆ ಹೆದ್ದಾರಿಯ ಲಾರಿ ಸದ್ದು ಯಾಕೆ ಬೇಕಿತ್ತು ಅನಿಸುತ್ತದೆ. ಆಮೇಲೆ ಆನಗೋಡು. ಒಂದೂವರೆ ತಿಂಗಳಾದ ಮೇಲೆ ಭರಮಸಾಗರ, ಅದು ದುರ್ಗದ ದಾರಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಮುಂದಿದೆ. ದುರ್ಗಕ್ಕೆ ಹೋದ ದಿನ ಕೋಟೆ ಬೇಡ. ಕೋಟೆಗೆ ಬೇರೆ ಭಾನುವಾರ ಇಡಿ, ಬಸ್‌ನಲ್ಲಿ ಹೋಗಿ, ಬಾಗಿಲು ತೆಗೆಯುವ ಹೊತ್ತಿಗೆ ಅಲ್ಲಿರಿ. ಮಾರ್ಚ್‌ನಿಂದ ಮೇ ತನಕ ಹತ್ತು ಗಂಟೆಯ ಒಳಗೆ ಕೆಳಗಿಳಿಯಬೇಕು. ಗಾಳಿಯನ್ನೂ ಲೆಕ್ಕಕ್ಕೆ ತಗೊಳ್ಳಿ. ದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ನಿಲ್ಲಿಸಿದ್ದು ಸುಮ್ನೆ ಅಲ್ಲ. ಮಳೆಗಾಲದಲ್ಲಿ ಪಡುವಣ ಗಾಳಿ ಹೋಗುವಾಗ ಬೆನ್ನು ತಳ್ಳುತ್ತದೆ. ಕಾಲಲ್ಲಿ ಬಲ ಇದೆ ಅಂದುಕೊಂಡು ದುರ್ಗ ತಲುಪುತ್ತೀರಿ. ವಾಪಸ್ ಬರುವಾಗ ಅದೇ ಗಾಳಿ ಎದೆಗೆ ಬಡಿಯುತ್ತದೆ. ಇಳಿಜಾರಿನಲ್ಲೂ ತುಳಿಯಬೇಕಾಗುತ್ತದೆ.

ಜೋಗಿಮಟ್ಟಿ ಏರುವ ಆಸೆ ಇದ್ದರೆ ಚಳಿಗಾಲದಲ್ಲಿ ಹೋಗಿ. ಅದು ವನ್ಯಧಾಮ, ಕರಡಿ, ಚಿರತೆ ಇವೆ. ಅರಣ್ಯ ಇಲಾಖೆಯವರು ಹೇಳಿದ ಹೊತ್ತಿನಲ್ಲಿ, ಹೇಳಿದ ದಾರಿಯಲ್ಲೇ ಹೋಗಬೇಕು. ಇನ್ನು ಕೋಟೆಯ ಗೋಡೆಯನ್ನು ಬರಿಗೈಲಿ ಹತ್ತುವ ಜ್ಯೋತಿರಾಜ್ ಅವರನ್ನು ನೋಡಿ ನಿಮ್ಮ ಗೆಳೆಯರಿಗೆ ಹುರುಪು ಬಂದರೆ ತಡೆಯಿರಿ. ಅವರ ಹಿಂದೆ ಎಷ್ಟೋ ವರ್ಷದ ದುಡಿಮೆ ಇದೆ.

ಈಗ ನೇತ್ರಾಣಿಗೆ ಬರೋಣ. ಮುರುಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್. ಈಜು ಬರದವರನ್ನೂ ಅಲ್ಲಿ ತರಬೇತುದಾರರು ಕೈಹಿಡಿದು ಇಳಿಸುತ್ತಾರೆ. ಇಂಥ ಮೊದಲ ಡೈವ್‌ಗೆ 12 ಮೀಟರ್ ಆಳ ಮಿತಿ. ಈಜು ಬರದಿರುವುದು ಇಲ್ಲಿ ದೊಡ್ಡ ತೊಡಕಲ್ಲ. ನಿಮ್ಮ ತೊಡಕು ಎಡಗಿವಿ.

ಕಿವಿಗೆ ಏನಾಗುತ್ತೆ ಅನ್ನೋದನ್ನು ನೀವೇ ಕಣ್ಣಾರೆ ನೋಡಬಹುದು. ಮುರುಡೇಶ್ವರಕ್ಕೆ ಹೋಗುವಾಗ ಘಟ್ಟದ ಮೇಲೆ ಒಂದು ಖಾಲಿ ನೀರಿನ ಬಾಟಲಿಯ ಮುಚ್ಚಳ ಬಿಗಿಯಾಗಿ ಹಾಕಿ ಇಟ್ಟುಕೊಳ್ಳಿ. ಕೆಳಗೆ ಸಮುದ್ರದ ಹತ್ತಿರ ತೆಗೆದರೆ ಅದರ ಹೊಟ್ಟೆ ಒಳಗೆ ಎಳೆದುಕೊಂಡು ತಗ್ಗಾಗಿರುತ್ತದೆ. ಹೊರಗಿನ ಗಾಳಿಯ ಒತ್ತಡ ಅದನ್ನು ಹಿಂಡಿದೆ. ಅದೇ ದಾರಿಯಲ್ಲಿ ನಿಮ್ಮ ಕಿವಿಯೂ ಟಪ್ ಅಂತ ಬಿಟ್ಟುಕೊಂಡಿರುತ್ತದೆ. ಘಟ್ಟ ಪೂರ್ತಿ ಇಳಿದಾಗ ಆಗುವ ಆ ವ್ಯತ್ಯಾಸ, ನೀರಿನಲ್ಲಿ ಒಂದು ಮೀಟರ್ ಕೂಡ ಇಳಿಯುವ ಮೊದಲೇ ಆಗಿಬಿಡುತ್ತದೆ. 10 ಮೀಟರ್‌ಗೆ ಒತ್ತಡ ಎರಡರಷ್ಟಾಗುತ್ತದೆ, ಕಿವಿಯೊಳಗಿನ ಗಾಳಿ ಅರ್ಧಕ್ಕೆ ಕುಗ್ಗುತ್ತದೆ. ಅದನ್ನು ಸರಿದೂಗಿಸಲು ಮೂಗಿನ ಹಿಂಭಾಗದಿಂದ ಕಿವಿಗೆ ಒಂದು ಸಣ್ಣ ಕೊಳವೆ ಇದೆ. ಮೂಗು ಹಿಡಿದು ಮೆಲ್ಲಗೆ ಊದಿದರೆ, ಇಲ್ಲವೇ ಎಂಜಲು ನುಂಗಿದರೆ ಅದು ತೆರೆದು ಗಾಳಿ ಒಳಗೆ ಹೋಗುತ್ತದೆ. ನೋವು ಬರುವ ಮೊದಲೇ, ಅರ್ಧ ಮೀಟರ್‌ಗೊಮ್ಮೆ ಹೀಗೆ ಮಾಡುತ್ತಾ ಇಳಿಯಬೇಕು. ನೆಗಡಿ ಇದ್ದ ದಿನ ಕೊಳವೆ ಊದಿಕೊಂಡಿರುತ್ತದೆ, ಆವತ್ತು ಯಾರೂ ಇಳಿಯಬಾರದು. ನೆಗಡಿ ಮಾತ್ರೆ ತಿಂದು ಇಳಿದರೆ ನೀರೊಳಗೇ ಅದರ ಬಲ ಇಳಿದು, ಮೇಲೆ ಬರುವಾಗ ಕಿವಿ ಕಟ್ಟಿಕೊಳ್ಳುತ್ತದೆ.

ವರ್ಷಗಟ್ಟಲೆ ಸೋರಿದ ಕಿವಿಯ ತಮಟೆಯಲ್ಲಿ ತೂತು ಉಳಿದಿರಬಹುದು. ಕಿವಿಗೆ ಬೆಳಕು ಹಿಡಿದು ನೋಡಿದರೆ ಒಳ್ಳೆಯ ತಮಟೆ ಮುತ್ತಿನ ಹೊಳಪಿನ ತೆಳು ಪೊರೆಯ ಹಾಗೆ ಕಾಣುತ್ತದೆ. ತೂತು ಇದ್ದರೆ ಅಲ್ಲೊಂದು ಕಪ್ಪು ಕಿಂಡಿ. ನೋವೂ ಇರುವುದಿಲ್ಲ, ಮಾತೂ ಸುಮಾರಾಗಿ ಕೇಳಿಸುತ್ತದೆ. ಹಾಗಾಗಿ "ಈಗ ವಾಸಿಯಾಗಿದೆ" ಅಂತ ಜನ ಅಂದುಕೊಂಡಿರುತ್ತಾರೆ. ಆ ಕಿಂಡಿಯಿಂದ ತಣ್ಣನೆಯ ಉಪ್ಪುನೀರು ಒಳಗೆ ನುಗ್ಗಿದರೆ ಸೋಂಕು ಆಮೇಲಿನ ಮಾತು. ಆ ಕ್ಷಣಕ್ಕೆ ಒಳಗಿವಿ ತಣ್ಣಗಾಗಿ ಲೋಕವೇ ಗಿರ್ರನೆ ತಿರುಗುತ್ತದೆ. ಯಾವುದು ಮೇಲೆ, ಯಾವುದು ಕೆಳಗೆ ತಿಳಿಯುವುದಿಲ್ಲ. ನೆಲದ ಮೇಲಾದರೆ ಕೂತುಕೊಳ್ಳಬಹುದು. ಹತ್ತು ಮೀಟರ್ ಆಳದಲ್ಲಿ ಬಾಯಲ್ಲಿ ಉಸಿರಿನ ಕೊಳವೆ ಇದ್ದಾಗ ವಾಂತಿ ಬಂದರೆ, ಗಾಬರಿಯಲ್ಲಿ ಉಸಿರು ಬಿಗಿಹಿಡಿದು ಮೇಲಕ್ಕೆ ನುಗ್ಗಿದರೆ, ಒಳಗಿನ ಗಾಳಿ ಹಿಗ್ಗಿ ಶ್ವಾಸಕೋಶವೇ ಹರಿಯಬಹುದು. ಫಾರಂನಲ್ಲಿ "ಇಲ್ಲ" ಅಂತ ಟಿಕ್ ಹಾಕಿದರೆ ಯಾರಿಗೆ ಮೋಸ ಮಾಡಿದ ಹಾಗಾಯಿತು? ನಿಮ್ಮ ಕೈ ಹಿಡಿದು ಇಳಿಯುವ ಆ ತರಬೇತುದಾರ ಹುಡುಗನ ಜೀವವೂ ಅದರಲ್ಲಿದೆ.

ಅದಕ್ಕೇ ಕಿವಿ, ಮೂಗು, ಗಂಟಲು ವೈದ್ಯರನ್ನು ಈ ವಾರವೇ ಕಾಣಿ. ಡೈವಿಂಗ್‌ಗೆ ಅಂತ ಬಾಯಿಬಿಟ್ಟು ಹೇಳಿ. ತಮಟೆ ಕೂಡಿಕೊಂಡಿದ್ದು, ನೀವು ಮೂಗು ಹಿಡಿದು ಊದಿದಾಗ ಅದು ಅಲುಗುವುದು ಅವರಿಗೆ ಕಂಡರೆ ಅವರು ಒಪ್ಪಿಗೆ ಬರೆದುಕೊಡಬಹುದು. ಫಾರಂನಲ್ಲಿ "ಹೌದು" ಅಂತ ಬರೆದು ಆ ಚೀಟಿ ಜೊತೆಗಿಡಿ. ತೂತು ಇದ್ದರೆ ಡೈವಿಂಗ್ ಇಲ್ಲ, ಮುಖ ಮುಳುಗಿಸುವ ಸ್ನಾರ್ಕೆಲಿಂಗ್ ಕೂಡ ಇಲ್ಲ. ತಮಟೆಗೆ ತೇಪೆ ಹಾಕುವ ಆಪರೇಷನ್ ಇದೆ. ಅದಾದ ಮೇಲೆ ಕೆಲವರಿಗೆ ಮುಂದೆ ಅನುಮತಿ ಸಿಗುತ್ತದೆ, ಆದರೆ ಈ ಡಿಸೆಂಬರ್‌ಗೆ ಅಲ್ಲ. ಮೂರನೆಯದೂ ಒಂದಿದೆ: ತಮಟೆ ಕೂಡಿದ್ದರೂ ಕೊಳವೆ ಸರಿಯಾಗಿ ತೆರೆಯದಿರಬಹುದು, ಆಗಲೂ ಬೇಡ. ಈ ನಡುವೆ ಯಾರಾದರೂ ಬಿಸಿ ಕೊಬ್ಬರಿಎಣ್ಣೆ ಬಿಡಿ ಅಂದರೆ ಬಿಡಬೇಡಿ. ತೂತಿನ ಮೂಲಕ ಅದು ಒಳಗೇ ಹೋಗಿ ಕೂರುತ್ತದೆ.

ಬಿಪಿ ಬಗ್ಗೆ. ನೀರಿನಲ್ಲಿ ಮುಳುಗಿದಾಗ ಕೈಕಾಲಿನ ರಕ್ತ ಎದೆಯ ಕಡೆಗೆ ಬರುತ್ತದೆ, ಹೃದಯಕ್ಕೆ ಹೊರೆ ಏರುತ್ತದೆ. ಬಿಪಿ ಹಿಡಿತದಲ್ಲಿ ಇಲ್ಲದವರಿಗೆ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯ ಇದೆ. ಡೈವಿಂಗ್ ವೇಳೆ ಆಗುವ ಸಾವುಗಳಿಗೆ ಹೃದಯದ ತೊಂದರೆ ಒಂದು ದೊಡ್ಡ ಕಾರಣ. ನಿಮ್ಮ ಬಿಪಿ ಮನೆಯಲ್ಲಿ ಎರಡು ವಾರ ನೋಡಿದಾಗ ಹಿಡಿತದಲ್ಲಿದ್ದು, ಟ್ರೆಡ್‌ಮಿಲ್ ಸರಿ ಬಂದರೆ ನನ್ನ ಅಡ್ಡಿಯಿಲ್ಲ.

ನಮ್ಮ ಕಡೆಯವರು ಯಾರೂ ಯೋಚಿಸದ ಒಂದು ಮಾತು. ಆಳದಲ್ಲಿ ಉಸಿರಾಡಿದಾಗ ಸಾರಜನಕ ರಕ್ತದಲ್ಲಿ ಕರಗಿ ಉಳಿಯುತ್ತದೆ. ಬೇಗ ಎತ್ತರಕ್ಕೆ ಹೋದರೆ ಅದು ಸೋಡಾ ಬಾಟಲಿ ತೆಗೆದಾಗಿನ ಹಾಗೆ ಗುಳ್ಳೆಯಾಗಬಹುದು. ವಿಮಾನ ಹತ್ತುವ ಮೊದಲು ಒಂದು ಡೈವ್ ಆದರೆ 12 ಗಂಟೆ, ಹೆಚ್ಚು ಡೈವ್ ಆದರೆ 18 ಗಂಟೆ ಕಾಯಬೇಕು ಅನ್ನೋದು ಡೈವಿಂಗ್ ವೈದ್ಯರ ಸೂತ್ರ. 600 ಮೀಟರ್‌ಗಿಂತ ಮೇಲಿನ ಊರಿಗೆ ರಸ್ತೆಯಲ್ಲಿ ಹೋಗುವವರಿಗೂ ಅದೇ. ಅಂದರೆ ಘಟ್ಟ ಹತ್ತಿ ದಾವಣಗೆರೆಗೆ, ದುರ್ಗಕ್ಕೆ ಬರುವ ನಾವು ಆ ಗೆರೆಯ ಮೇಲೇ ಇದ್ದೇವೆ. ಒಂದೇ ಒಂದು ಸಣ್ಣ ಡೈವ್‌ನಲ್ಲಿ ಅಪಾಯ ತೀರಾ ಕಮ್ಮಿ. ಆದರೂ ಮಧ್ಯಾಹ್ನ ನೀರಿನಿಂದ ಎದ್ದು ಸಂಜೆಗೇ ಘಟ್ಟ ಹತ್ತುವ ಆತುರ ಯಾಕೆ? ಆ ರಾತ್ರಿ ಮುರುಡೇಶ್ವರದಲ್ಲೇ ಉಳಿಯಿರಿ. ಮಾರನೇ ದಿನ ಕೀಲುನೋವು, ಜೋಮು, ವಿಪರೀತ ಸುಸ್ತು ಕಂಡರೆ ಅದನ್ನು ಪ್ರಯಾಣದ ಆಯಾಸ ಅಂದುಕೊಳ್ಳದೆ ವೈದ್ಯರಿಗೆ "ಡೈವಿಂಗ್ ಮಾಡಿದ್ದೆ" ಅಂತ ಹೇಳಿ.

ಮುಂದೆ ನಿಮ್ಮ ಗೆಳೆಯರು ಮುಳುಗಿದ ಹಡಗಿನೊಳಗೆ ಹೋಗೋಣ ಅಂದರೂ ಅನ್ನಬಹುದು, ನೇತ್ರಾಣಿ ನೋಡಿ ಬಂದವರಿಗೆ ಆ ಆಸೆ ಹುಟ್ಟುವುದು ನೋಡಿದ್ದೇನೆ. ಅದು ಮೊದಲ ವರ್ಷದ ಮಾತಲ್ಲ. ಮೊದಲ ಕೋರ್ಸ್ ಮುಗಿದರೆ 18 ಮೀಟರ್, ಮುಂದಿನದ್ದು ಮುಗಿದರೆ 30 ಮೀಟರ್. ಅಷ್ಟಾದರೂ ಹಡಗನ್ನು ಹೊರಗಿನಿಂದ ನೋಡಬಹುದು ಅಷ್ಟೇ. ಒಳಗೆ ತಲೆಯ ಮೇಲೆ ಕಬ್ಬಿಣದ ಚಾವಣಿ, ಕಾಲು ಆಡಿಸಿದರೆ ಕೆಸರೆದ್ದು ಟಾರ್ಚ್ ಬೆಳಕೂ ಕಾಣುವುದಿಲ್ಲ. ಅದಕ್ಕೆ ಬೇರೆಯೇ ತರಬೇತಿ ಬೇಕು. ಮೊದಲ ಕೋರ್ಸ್‌ಗೇ 200 ಮೀಟರ್ ಈಜು, ಹತ್ತು ನಿಮಿಷ ತೇಲುವುದು ಬರಬೇಕು. ಕಿವಿ ಸರಿ ಇದೆ ಅಂತಾದರೆ ಈಜು ಕಲಿಯಲು ಈಗಲೇ ಸೇರಿಕೊಳ್ಳಿ.

ಕಿವಿಗೆ ಒಪ್ಪಿಗೆ ಸಿಗದಿದ್ದರೂ ಗೆಳೆಯರ ಜೊತೆ ಹೋಗಿ. ಮೇಡಂ ಅವರನ್ನೂ ಕರೆದುಕೊಂಡು ಹೋಗಿ. ಹೊನ್ನಾವರದ ಹತ್ತಿರ ಶರಾವತಿ ಹಿನ್ನೀರಿನಲ್ಲಿ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ನಡುವೆ ಹಲಗೆ ದಾರಿಯಲ್ಲಿ ನಡೆಯಬಹುದು, ಲೈಫ್ ಜಾಕೆಟ್ ಹಾಕಿಕೊಂಡು ದೋಣಿಯಲ್ಲಿ ಸುತ್ತಬಹುದು. ಅಲ್ಲಿ ಕಿವಿ ಮುಳುಗಿಸುವ ಕೆಲಸ ಇಲ್ಲ.

ಅಡ್ವಾನ್ಸ್ ಕಟ್ಟಿಸಿಕೊಂಡವರಿಗೆ ಇವತ್ತೇ ಫೋನ್ ಮಾಡಿ, ವೈದ್ಯರು ಬೇಡ ಅಂದರೆ ಹಣ ವಾಪಸ್ ಕೊಡುತ್ತೀರಾ ಅಥವಾ ದಿನಾಂಕ ಬದಲಿಸಿ ಕೊಡುತ್ತೀರಾ ಅಂತ ಕೇಳಿ. ಆಮೇಲೆ ಕಿವಿ ತೋರಿಸಲು ಹೋಗುವಾಗ ಹಳೆಯ ಆಸ್ಪತ್ರೆ ಚೀಟಿ ಮನೆಯಲ್ಲಿ ಎಲ್ಲಾದರೂ ಇದೆಯಾ ಹುಡುಕಿ. ಅಮ್ಮ ಇದ್ದರೆ ಅವರನ್ನು ಕೇಳಿ. ಯಾವ ಕಿವಿ, ಎಷ್ಟು ವರ್ಷ, ಯಾವಾಗ ನಿಂತಿತು ಅನ್ನೋದು ಅವರಿಗೆ ನಿಮಗಿಂತ ಚೆನ್ನಾಗಿ ನೆನಪಿರುತ್ತದೆ.